ನಡೆಯುವವರನ್ನು ಮೊದಲು ಕೇಳಿ

ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಮಾಥೇರಾನನ್ನು ಪಾದಚಾರಿಗಳ ಸ್ವರ್ಗವೆಂದು ಮುಂಬಯಿಯ ನಾವು ಕೊಂಡಾಡುತ್ತ ಬಂದಿದ್ದೇವೆ. ನಾವು ಕೈಬೀಸಿ ನಡೆದಾಗ ನಮ್ಮ ಗಂಟುಮೂಟೆಯನ್ನು ಯಾರೋ ಹೊತ್ತಿದ್ದರು. ನಡೆಯಲಾರದವರನ್ನು ಯಾರೋ ಕೈರಿಕ್ಷಾದಲ್ಲಿ ಎಳೆದಿದ್ದರು. ಆ ಅಮಾನವೀಯ ಪದ್ಧತಿ ಆರು ತಿಂಗಳೊಳಗೆ ನಿಲ್ಲಬೇಕೆಂದು 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆದೇಶಿಸಬೇಕಾಯಿತು. ಇ-ರಿಕ್ಷಾ ಬೇಕೇ, ದಾರಿಗೆ ಕಲ್ಲು ಹಾಸಬೇಕೇ ಎಂಬ ಪ್ರಶ್ನೆಗಳೂ ದಿಲ್ಲಿಯ ನ್ಯಾಯಪೀಠವನ್ನು ಹತ್ತಿದವು. ಊರ ಬೀದಿಯ ವಿಚಾರ ಊರಲ್ಲೇಕೆ ಬಗೆಹರಿಯಲಿಲ್ಲ?

ಸಂವಿಧಾನದ 243ಎಸ್ ವಿಧಿಯು ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸಿರುವುದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. ಸಣ್ಣ ಊರಿನ ಪಾಲಿಗೆ ಸಾಮಾನ್ಯವಾಗಿ ಉಳಿಯುವುದು, ನಕ್ಷೆ ಸಿದ್ಧವಾದ ಮೇಲೆ ಆಕ್ಷೇಪಣೆ ಸಲ್ಲಿಸುವ ಅವಕಾಶವಷ್ಟೆ. ಇದನ್ನು ಸಮಾಲೋಚನೆಯೆನ್ನುವುದು, ಉಂಡೆದ್ದ ಮೇಲೆ ನೆಂಟರನ್ನು ಪಂಕ್ತಿಗೆ ಕರೆದಂತೆ.

ಎಲ್ಲರನ್ನೂ ಕೇಳುತ್ತ ಕುಳಿತರೆ ಕೆಲಸ ಸಾಗದೆನ್ನುವವರಿದ್ದಾರೆ. ಕೇಳದೆ ಹೊರಟ ಕೆಲಸ ವರ್ಷಗಟ್ಟಲೆ ಕೋರ್ಟಿನಲ್ಲಿ ನಿಲ್ಲುವುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೀದಿಬದಿ ವ್ಯಾಪಾರಿಗಳ 2014ರ ಕಾಯಿದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40 ಸ್ಥಾನಗಳನ್ನು ವ್ಯಾಪಾರಿಗಳಿಗೇ ಕೊಟ್ಟಿದೆ. ಬೀದಿಯ ಮರುವಿನ್ಯಾಸಕ್ಕೂ ಅದೇ ನಿಯಮ ಬರಲಿ. ಮೊದಲ ಗೆರೆ ಎಳೆಯುವ ಮುನ್ನವೇ ಹಮಾಲರು, ಕುದುರೆಯವರು, ಅಂಗಡಿಯವರು, ವೃದ್ಧರು ಮಾತಾಡಲಿ. ಎರಡು ದಿನದ ಅತಿಥಿಗಳಾದ ನಮ್ಮ ಮಾತು ಕೊನೆಗಿರಲಿ.