ಅಂಗಳದ ಕೋಳಿ, ಸಂತೆಯ ಕೋಳಿ



ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಹೆಣ್ಣುಮಕ್ಕಳಿಗೆ ಅಂಗಳದ ನಾಲ್ಕು ಜವಾರಿ ಕೋಳಿ ಅಂದ್ರೆ ಕೈಗಂಟು. ತತ್ತಿ ಮಾರಿದ ದುಡ್ಡು ಮಕ್ಕಳ ಪುಸ್ತಕಕ್ಕೆ, ಹುಂಜ ಮಾರಿದ್ದು ಹಬ್ಬದ ಖರ್ಚಿಗೆ. ಹೀಗಿರುವಾಗ ಒಂದು ಕೋಳಿ ತೂಕಡಿಸಿದರೆ ಎರಡು ಯೋಚನೆ ಬರುವುದು ಸಹಜ. ಸಾಯುವ ಮುಂಚೆ ಸಂತೆಗೆ ಸಾಗಿಸಿಬಿಡೋಣ, ಇಲ್ಲವೇ ಕೊಯ್ದು ಸಾರು ಮಾಡೋಣ. ಈ ಎರಡೂ ಬೇಡ ಅಂತ ಹೇಳಲಿಕ್ಕೇ ಈ ಸಲದ ಅಂಕಣ.

ಹಕ್ಕಿಜ್ವರ ದೂರದ ಮಾತಲ್ಲ. 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರು, ದಾವಣಗೆರೆ ಜಿಲ್ಲೆಗಳಲ್ಲಿ ಬಂದಿತ್ತು. 2025ರ ಆರಂಭದಲ್ಲಿ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ಕುರೆಕುಪ್ಪದ ಸರ್ಕಾರಿ ಕೋಳಿ ಸಾಕಣೆ ಕೇಂದ್ರಕ್ಕೇ ಬಂತು. ಕಾಡುಬಾತು ಮೊದಲಾದ ನೀರುಹಕ್ಕಿಗಳ ಹಿಕ್ಕೆಯಲ್ಲಿ ಈ ವೈರಸ್ ಇರಬಹುದು. ತುಂಗಭದ್ರಾ ಎಡದಂಡೆ ನಾಲೆಯ ನೀರು, ಭತ್ತದ ಗದ್ದೆ ಇರುವ ಸಿಂಧನೂರಿನಂಥ ಕಡೆ ನೀರುಹಕ್ಕಿ ಇಳಿಯದೆ ಇರುತ್ತದೆಯೇ?

ಈಗ ಮುಖ್ಯ ಮಾತು. ಈ ವೈರಸ್ಸಿನ ವಂಶದ ಗಂಟು ಎಂಟು ತುಣುಕುಗಳಲ್ಲಿ ಇರುತ್ತದೆ. ಎಂಟು ಸಾಮಾನಿನ ಮಸಾಲೆಪುಡಿ ಅಂದುಕೊಳ್ಳಿ. ಎರಡು ಬಗೆಯ ವೈರಸ್ ಒಂದೇ ಕೋಳಿಯ ಒಂದೇ ಜೀವಕೋಶಕ್ಕೆ ಹೊಕ್ಕರೆ, ಹೊಸದಾಗಿ ಹುಟ್ಟುವ ವೈರಸ್ ಮೆಣಸಿನಕಾಯಿ ಈ ಮನೆಯದು, ಕೊತ್ತಂಬರಿ ಆ ಮನೆಯದು ಎಂಬಂತೆ ತುಣುಕು ಆರಿಸಿಕೊಳ್ಳಬಹುದು. ಹೀಗೆ 256 ಬಗೆ ಸಾಧ್ಯ. ಹೆಚ್ಚಿನವು ಕೆಲಸಕ್ಕೆ ಬಾರದವು. ಎಲ್ಲೋ ಒಂದು ಮಾತ್ರ ಮನುಷ್ಯರಿಗೆ ಕಂಟಕವಾಗಿ ನಿಲ್ಲುತ್ತದೆ.

1957 ಮತ್ತು 1968ರಲ್ಲಿ ಜಗತ್ತನ್ನೇ ಸುತ್ತಿದ ಫ್ಲೂ ಜ್ವರಗಳು ಹಕ್ಕಿಯ ತುಣುಕು, ಮನುಷ್ಯರ ತುಣುಕು ಕೂಡಿ ಹುಟ್ಟಿದವೇ. 2013ರಲ್ಲಿ ಚೀನಾದಲ್ಲಿ ಜನರನ್ನು ಕಾಡಿದ ಎಚ್7ಎನ್9 ವೈರಸ್ಸಿನ ಎಂಟರಲ್ಲಿ ಆರು ತುಣುಕು ಬಂದದ್ದು ಎಚ್9ಎನ್2ನಿಂದ. ಇದು ಕೋಳಿಯನ್ನು ಅಷ್ಟಾಗಿ ಕೊಲ್ಲದ, ತತ್ತಿ ಕಡಿಮೆ ಮಾಡುವ ಸಾಧು ವೈರಸ್. ನಮ್ಮ ದೇಶದ ಕೋಳಿಗಳಲ್ಲೂ ಕಂಡಿದೆ. ಶಾಂಘೈಯಲ್ಲಿ ಜೀವಂತ ಕೋಳಿಯ ಮಾರುಕಟ್ಟೆ ಮುಚ್ಚಿದ ಮೇಲೆ ರೋಗಿಗಳು ಇಳಿದರು. ಹತ್ತೂರಿನ ಕೋಳಿ ಒಂದೇ ಬುಟ್ಟಿಯಲ್ಲಿ ಕೂತರೆ ಹತ್ತೂರಿನ ವೈರಸ್ಸೂ ಕೂತಂತೆಯೇ, ಅಲ್ಲವೇ?

ಹಾಗಾದ್ರೆ ನಾವೇನು ಮಾಡಬೇಕು?

ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆ ಗೂಡಿನಲ್ಲಿಡಿ. ಅದಕ್ಕೆ ಕಾಳು, ನೀರು ಕೊನೆಗೆ ಹಾಕಿ, ಕೈಕಾಲು ತೊಳೆಯಿರಿ. ಮಾರದೆ ಉಳಿದು ಸಂತೆಯಿಂದ ವಾಪಸ್ ಬಂದ ಕೋಳಿಗೂ ಇದೇ ನಿಯಮ. ಬಾತುಕೋಳಿ, ಕೋಳಿ ಒಟ್ಟಿಗೆ ಬೇಡ. ಕುಡಿಯುವ ನೀರು ಗದ್ದೆಯದಾಗದಿರಲಿ.

ಕೋಳಿ ಒಂದರ ಹಿಂದೊಂದು ಸತ್ತರೆ, 'ಕೊಕ್ಕರೆ ರೋಗ ಬಿಡು' ಅನ್ನಬೇಡಿ. ಎರಡೂ ಮೇಲ್ನೋಟಕ್ಕೆ ಒಂದೇ ಥರ; ಖಚಿತಪಡಿಸುವುದು ಭೋಪಾಲದ ಪ್ರಯೋಗಾಲಯ. ಪಶು ಆಸ್ಪತ್ರೆಗೆ ತಿಳಿಸಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. 'ಹೇಳಿದ್ರೆ ಇದ್ದ ಕೋಳಿನೂ ಕೊಲ್ತಾರೆ' ಎಂಬ ಭಯ ನನಗೆ ಗೊತ್ತು. ಆದರೆ ರೋಗ ತಡೆಯಲು ಇಲಾಖೆಯವರು ಕೊಂದ ಕೋಳಿಗೆ ಪರಿಹಾರವುಂಟು, ತಾನಾಗಿ ಸತ್ತದ್ದಕ್ಕೆ ಇಲ್ಲ. ತಡ ಮಾಡಿದಷ್ಟೂ ನಷ್ಟ ನಿಮಗೇ.

ಸತ್ತ ಕೋಳಿಯನ್ನು ನಾಲೆಗೆ ಎಸೆಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಕಾಯಿಲೆಯ ಕೋಳಿಯನ್ನು ಕೊಯ್ಯುವಾಗ, ಪುಕ್ಕ ಕೀಳುವಾಗಲೇ ಹೆಚ್ಚು ಅಪಾಯ, ಮತ್ತು ಆ ಕೆಲಸ ಹೆಚ್ಚಾಗಿ ನಮ್ಮ ಪಾಲಿನದೇ. 2025ರ ಮಾರ್ಚ್‌ನಲ್ಲಿ ಆಂಧ್ರದ ಪಲ್ನಾಡು ಜಿಲ್ಲೆಯ ಎರಡು ವರ್ಷದ ಮಗುವೊಂದು ಹಕ್ಕಿಜ್ವರದಿಂದ ತೀರಿಕೊಂಡಿತು. ಅದು ಹಸಿ ಕೋಳಿಮಾಂಸದ ತುಣುಕು ತಿಂದಿತ್ತೆಂದು ವರದಿಯಾಯಿತು. ಮಾಂಸ ಹೆಚ್ಚುವಾಗ ಮಗುವನ್ನು ಮಗ್ಗುಲಲ್ಲಿ ಕೂರಿಸಿಕೊಳ್ಳಬೇಡಿರಮ್ಮಾ.

ಆರೋಗ್ಯವಂತ ಕೋಳಿಯ ಸಾರಿಗೆ ಹೆದರಬೇಕಿಲ್ಲ. ಒಳಗಿನ ತನಕ 70 ಡಿಗ್ರಿ ಶಾಖ ತಾಗಿದರೆ ವೈರಸ್ ಉಳಿಯದು. ನಾವು ಕುದಿಸುವ ಸಾರು ಅದನ್ನೂ ಮೀರುತ್ತದೆ. ತತ್ತಿಯ ಹಳದಿ ಗಟ್ಟಿಯಾಗುವವರೆಗೆ ಬೇಯಿಸಿದರೆ ಸಾಕು.

ಮುಂದಿನ ಸಂತೆಗೆ ಹೋಗುವ ಮುಂಚೆ ಮನೆಯಲ್ಲಿ ಇನ್ನೊಂದು ಗೂಡು ಸಿದ್ಧಮಾಡಿಡಿ. ಹಳೆಯ ಬುಟ್ಟಿಯಾದರೂ ನಡೆಯುತ್ತದೆ.