ನಾಮಳಾ, ನಾಂಗಳಾ?

ಚೆನ್ನೈನ ತಿರುವಲ್ಲಿಕ್ಕೇಣಿಯಲ್ಲಿ ನನ್ನ ಅಕ್ಕನ ಮನೆ. ಒಂದು ಗುರುವಾರ ಸಂಜೆ ಅವಳ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ, "ನಾವು ರಾಯರ ಮಠಕ್ಕೆ ಹೊರಟ್ವಿ" ಎಂದರು. ಹೋಂವರ್ಕ್ ಹರಡಿಕೊಂಡು ಕೂತಿದ್ದ ಆರು ವರ್ಷದ ಮೊಮ್ಮಗಳು ಪೆನ್ಸಿಲ್ ಎತ್ತಿ ಹಿಡಿದು ಕೇಳಿದಳು: "ಅಜ್ಜಿ, ನಾವು ಅಂದ್ರೆ ನಾಮಳಾ, ನಾಂಗಳಾ?"

ಮದುವೆಯಾಗಿ ಬಂದಾಗಿನಿಂದ ತಮಿಳಿನ ನಡುವೆಯೇ ಬಾಳಿದ ಅಜ್ಜಿಗೆ ಪ್ರಶ್ನೆ ತಕ್ಷಣ ಹೊಳೆಯಿತು. ನನಗೆ ಅರೆಗಳಿಗೆ ಬೇಕಾಯಿತು. ತಮಿಳಿನಲ್ಲಿ 'ನಾವು' ಎರಡು. ಕೇಳುವವರನ್ನೂ ಸೇರಿಸಿಕೊಂಡರೆ ನಾಮ್, ಅವರನ್ನು ಬಿಟ್ಟರೆ ನಾಂಗಳ್. ತೆಲುಗಿನಲ್ಲೂ ಹಾಗೆಯೇ, ಮನಮು ಬೇರೆ, ಮೇಮು ಬೇರೆ. ತುಳುವಿನಲ್ಲಿ ನಮ ಎಂದರೆ ನೀವೂ ಸೇರಿದಂತೆ, ಎಂಕುಲು ಎಂದರೆ ನಾವು ಮಾತ್ರ. ಇಂದಿನ ಕನ್ನಡ ಎರಡಕ್ಕೂ ಒಂದೇ ಮಾತು ಇಟ್ಟುಕೊಂಡಿದೆ. ನನ್ನನ್ನೂ ಕರೆದುಕೊಂಡು ಹೋಗ್ತೀಯಾ ಇಲ್ವಾ ಎಂಬ ಸರಳ ಸಂಗತಿಯನ್ನು ಅಜ್ಜಿಯ ಕನ್ನಡ ಹೇಳಿರಲಿಲ್ಲ. ಮಗು ತಮಿಳಿನ ಸೌಟು ಹಾಕಿ ಅದನ್ನು ತೆಗೆಯಲು ನೋಡಿತ್ತು.

ಭಾಷೆ ಹೇಗೋ ಮನಸ್ಸು ಹಾಗೆ ಎಂದು ನಂಬುವವರಿಗೆ ಇಲ್ಲೊಂದು ಒಳ್ಳೆಯ ಪ್ರಬಂಧ ಸಿಕ್ಕೀತು: ಕನ್ನಡಿಗರಿಗೆ ಒಳಗಿನವರು ಹೊರಗಿನವರು ಎಂಬ ಭೇದವೇ ಇಲ್ಲ, ವ್ಯಾಕರಣವೇ ಸಾಕ್ಷಿ! ಕನ್ನಡ ಮನೆಗಳಲ್ಲಿ ಬೆಳೆದ ಯಾರೂ ಇದನ್ನು ನಗದೆ ಓದಲಾರರು. ಭೇದ ನಮಗೆ ಚೆನ್ನಾಗಿಯೇ ಗೊತ್ತು. ಅದಕ್ಕೆ ಸರ್ವನಾಮ ಇಲ್ಲ, ಅಷ್ಟೆ. ಭಾಷೆಗೂ ಲೋಕದೃಷ್ಟಿಗೂ ಇರುವ ನಂಟನ್ನು ಕುರಿತು ಸಪೀರ್ ಮತ್ತು ವೋರ್ಫ್ ಹಚ್ಚಿದ ಚರ್ಚೆ ಇನ್ನೂ ಆರಿಲ್ಲ. ನನಗೆ ತೋರುವುದು ಇಷ್ಟು: ವ್ಯಾಕರಣ ಒಂದು ವಿಷಯವನ್ನು ಹೇಳಲೇಬೇಕೆಂದು ಒತ್ತಾಯಿಸಬಹುದು, ಯೋಚಿಸದಂತೆ ತಡೆಯಲಾರದು.

ಮಗುವಿನ ಪ್ರಶ್ನೆಯನ್ನು ಸ್ವಲ್ಪ ಎಳೆದರೆ ಅದೇ ಮಾನವಶಾಸ್ತ್ರದ ಮೊದಲ ಪ್ರಶ್ನೆಯಾಗುತ್ತದೆ. 1871ರಲ್ಲಿ ಎಡ್ವರ್ಡ್ ಟೈಲರ್, ಮನುಷ್ಯ ಸಮಾಜದೊಳಗಿದ್ದು ಕಲಿತದ್ದೆಲ್ಲವನ್ನೂ, ಅಂದರೆ ಅರಿವು, ನಂಬಿಕೆ, ಕಲೆ, ನೀತಿ, ಕಟ್ಟಳೆ, ರೂಢಿ ಇವನ್ನೆಲ್ಲ ಒಟ್ಟಾಗಿ 'ಕಲ್ಚರ್' ಎಂದು ಕರೆದ. ಇದಕ್ಕೆ ನಾವು ಹಿಡಿದ 'ಸಂಸ್ಕೃತಿ' ಸ್ವಲ್ಪ ಮೋಸದ ಪದ. ಅದರೊಳಗೆ ಸಂಸ್ಕಾರ ಕೂತಿದೆ, ತಿದ್ದಿ ತೀಡಿದ್ದು ಎಂಬ ಹೆಮ್ಮೆ ಕೂತಿದೆ. "ಸಂಸ್ಕೃತಿ ಇಲ್ಲದ ಜನ" ಎಂದು ಬೈಯುವುದು ಕನ್ನಡದಲ್ಲಿ ಸಾಧ್ಯ. ಟೈಲರನ ಲೆಕ್ಕದಲ್ಲಿ ಅಂಥ ಜನವೇ ಇಲ್ಲ. ಅವನ ಅರ್ಥಕ್ಕೆ ಹತ್ತಿರವಾದ ಮಾತು ನಮ್ಮ ಅಡುಗೆಮನೆಯಲ್ಲಿ ಮೊದಲಿನಿಂದ ಇದೆ: 'ನಮ್ಮಲ್ಲಿ'. "ನಮ್ಮಲ್ಲಿ ಏಕಾದಶಿಗೆ ಒಲೆ ಹಚ್ಚೋದಿಲ್ಲ." "ನಮ್ಮಲ್ಲಿ ಸೋದರಮಾವನ ಮಗಳನ್ನ ತಂದ್ಕೋತಾರೆ." ಹುಟ್ಟಿನಿಂದ ಬಂದದ್ದಲ್ಲ, ಕಲಿತದ್ದು, ಒಬ್ಬರದಲ್ಲ, ಹಲವರದು ಎಂಬ ಎರಡೂ ಗುಣ ಆ ಒಂದು ಮಾತಿನಲ್ಲಿವೆ. ತೊಡಕೂ ಅದರಲ್ಲೇ ಇದೆ. ಯಾರಲ್ಲಿ?

ಈ 'ಯಾರಲ್ಲಿ'ಗೆ ಖಚಿತ ಉತ್ತರ ಹುಡುಕುವ ಹುಮ್ಮಸ್ಸಿಗೂ ಮದರಾಸಿಗೂ ಹಳೆಯ ಸಂಬಂಧ. ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದ ಮಕ್ಕಳಲ್ಲ, ತಮ್ಮದೇ ಬೇರೆ ಮನೆತನದವು ಎಂದು ಧಾತುಗಳನ್ನು ಹೋಲಿಸಿ ತೋರಿಸಿದ ಫ್ರಾನ್ಸಿಸ್ ವೈಟ್ ಎಲ್ಲಿಸ್ ಮದರಾಸಿನ ಅಧಿಕಾರಿ. 1816ರಲ್ಲಿ ಕ್ಯಾಂಪ್‌ಬೆಲ್ಲನ ತೆಲುಗು ವ್ಯಾಕರಣಕ್ಕೆ ಆತ ಬರೆದ ಟಿಪ್ಪಣಿಯಲ್ಲಿ ಆ ವಾದವಿದೆ. ಕಾಲ್ಡ್‌ವೆಲ್ಲನ ಪ್ರಖ್ಯಾತ ಗ್ರಂಥ ಬಂದದ್ದು 40 ವರ್ಷ ತಡವಾಗಿ, 1856ರಲ್ಲಿ. ಇದು ಭಾಷೆಯ ಬಗ್ಗೆ ಆಡಿದ ಮಾತು, ಗಟ್ಟಿಯಾದ ಮಾತು. ಆದರೆ ಭಾಷಾಕುಟುಂಬ ಎಂದೊಡನೆ ಅದರ ಹಿಂದೆ ರಕ್ತದ ಕುಟುಂಬವನ್ನೂ ಕಲ್ಪಿಸಿಕೊಳ್ಳುವ ಚಟ ಬೇಗ ಅಂಟಿತು. ಎಗ್ಮೋರಿನ ವಸ್ತುಸಂಗ್ರಹಾಲಯದ ಮುಖ್ಯಸ್ಥ ಎಡ್ಗರ್ ಥರ್ಸ್ಟನ್ ಅಳತೆಯ ಉಪಕರಣ ಹಿಡಿದು ಜನರ ತಲೆ, ಮೂಗು ಅಳೆದ. 1909ರಲ್ಲಿ ಕೆ. ರಂಗಾಚಾರಿಯವರೊಡನೆ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ 7 ಸಂಪುಟ ತಂದ. ಅದರಲ್ಲಿ ಬಡಗರು, ಬಂಟರು, ಬಿಲ್ಲವರು ಎಲ್ಲ ಅಕಾರಾದಿಯಾಗಿ ಸಾಲಾಗಿ ನಿಂತಿದ್ದಾರೆ, ಗಾಜಿನ ಬೀರುವಿನಲ್ಲಿ ಇಟ್ಟ ಹಾಗೆ. ವಿವರಗಳಿಗಾಗಿ ನಾನೂ ಆ ಸಂಪುಟಗಳನ್ನು ಎಷ್ಟೋ ಸಲ ತೆರೆದಿದ್ದೇನೆ, ಸುಳ್ಳೇಕೆ. ಆದರೆ ಒಂದು ಹೆಸರಿನ ಕೆಳಗೆ ಒಂದು ಮೈಕಟ್ಟು, ಒಂದು ಮಾತು, ಒಂದು ದೇವರು ಎಂಬ ಏರ್ಪಾಡೇ ಸಂಶಯದ್ದು. ಥರ್ಸ್ಟನ್ನನ ಸಂಪುಟಗಳಿಗೆ ಎರಡೇ ವರ್ಷದ ಆಚೆ, 1911ರಲ್ಲಿ, ಫ್ರಾಂಜ್ ಬೋವಾಸ್ ಅಮೆರಿಕದಲ್ಲಿ ಮೈಕಟ್ಟು, ಭಾಷೆ, ಸಂಸ್ಕೃತಿ ಮೂರೂ ಬೇರೆ ಬೇರೆ ದಾರಿ ಹಿಡಿಯಬಲ್ಲವು ಎಂದು ವಾದಿಸಿದ್ದ.

ಅಕ್ಕನ ಮನೆಯಲ್ಲಿ ಅದಕ್ಕೆ ಪುರಾವೆ ಹುಡುಕಬೇಕಾಗಿಲ್ಲ. ಭಾವ ಬೆಳಗ್ಗೆ ಗೋಪೀಚಂದನ ಹಚ್ಚಿ, ಊಟಕ್ಕೆ ಮೊದಲು ಅಂಗಾರ ಅಕ್ಷತೆ ಇಟ್ಟುಕೊಳ್ಳುವುದನ್ನು ಒಂದು ದಿನ ಬಿಟ್ಟವರಲ್ಲ. ಸಿಟ್ಟು ಬಂದಾಗ, ಲೆಕ್ಕ ಮಾಡುವಾಗ, ಕ್ರಿಕೆಟ್ ನೋಡುವಾಗ ಅವರ ಬಾಯಲ್ಲಿ ತಮಿಳೇ. ಅವರ ಚಿಕ್ಕಪ್ಪ ದೇವರಿಗೆ ಕೈ ಮುಗಿದವರಲ್ಲ, ಆದರೆ ಕೊನೆಯವರೆಗೂ ಅಂಚೆಯಲ್ಲಿ ಕನ್ನಡ ವಾರಪತ್ರಿಕೆ ತರಿಸಿ, ಪದಬಂಧ ತುಂಬಿಸಿ, ಮಡಿಸಿ ಕಟ್ಟು ಕಟ್ಟಿ ಇಡುತ್ತಿದ್ದರು. ಒಬ್ಬರು ಮತ ಉಳಿಸಿಕೊಂಡು ಭಾಷೆ ಸಡಿಲ ಬಿಟ್ಟರು. ಇನ್ನೊಬ್ಬರು ಭಾಷೆಯನ್ನು ಹಿಡಿದು ಮತ ಬಿಟ್ಟರು. ಇಬ್ಬರೂ 'ನಮ್ಮಲ್ಲಿ' ಎನ್ನುತ್ತಿದ್ದರು.

ಮಠಕ್ಕೆ ಹೋದರಂತೂ ಗೆರೆಗಳು ಇನ್ನಷ್ಟು ಅಡ್ಡಾದಿಡ್ಡಿ. ರಾಘವೇಂದ್ರಸ್ವಾಮಿಗಳು ಹುಟ್ಟಿದ್ದು ತಮಿಳುನಾಡಿನ ಭುವನಗಿರಿಯಲ್ಲಿ, ಬೃಂದಾವನಸ್ಥರಾದದ್ದು ಇಂದಿನ ಆಂಧ್ರದ ಮಂತ್ರಾಲಯದಲ್ಲಿ. ತಿರುವಲ್ಲಿಕ್ಕೇಣಿಯ ಮಠದಲ್ಲಿ ಪ್ರದಕ್ಷಿಣೆ ಬರುವಾಗ ಕಿವಿ ತೆರೆದಿಟ್ಟರೆ ಕನ್ನಡ, ತೆಲುಗು, ತಮಿಳು ಎಲ್ಲ ಕೇಳುತ್ತದೆ, ಜೊತೆಗೆ ತಂಜಾವೂರಿನ ಅರಸರ ಕಾಲದಿಂದ ಉಳಿದ ಮರಾಠಿಯೂ. ಅದೇ ಊರಿನಲ್ಲಿ ಸಂಗೀತ ಕಲಿಯಲು ಕೂತ ಯಾವ ತಮಿಳು ಮಗುವಾದರೂ ಶುರುಮಾಡುವುದು ಪುರಂದರದಾಸರು ಹಾಕಿಕೊಟ್ಟರೆನ್ನುವ ಪಾಠಗಳಿಂದ. ಅದು ಹಾಡುವ ಪಿಳ್ಳಾರಿ ಗೀತೆ ಕನ್ನಡದ್ದೆಂದು ಆ ಮಗುವಿಗೂ ಗೊತ್ತಿರುವುದಿಲ್ಲ, ಎಷ್ಟೋ ಸಲ ಮೇಷ್ಟರಿಗೂ. ತೆಲುಗು, ಸಂಸ್ಕೃತ ಕೃತಿಗಳೇ ತುಂಬಿದ್ದ ಕಚೇರಿಗಳಲ್ಲಿ ತಮಿಳು ಎಲ್ಲಿ ಎಂದು ಕೇಳಿದ ಚಳವಳಿಯಿಂದ 1943ರಲ್ಲಿ ತಮಿಳ್ ಇಸೈ ಸಂಘ ಹುಟ್ಟಿತು. ಆ ಪ್ರಶ್ನೆ ನ್ಯಾಯವಾದದ್ದೇ. ನಮ್ಮೂರಿನ ವೇದಿಕೆಯಲ್ಲಿ ನಮ್ಮ ಮಾತು ಯಾಕಿಲ್ಲ ಎಂದು ಕೇಳಿದವರನ್ನು ಸಂಕುಚಿತರೆಂದು ತಳ್ಳಿಹಾಕುವುದು, ಊಟ ಮುಗಿಸಿದವರು ಹಸಿದವರಿಗೆ ಉಪವಾಸದ ಮಹಿಮೆ ಹೇಳಿದ ಹಾಗೆ.

ಹೀಗೆ ಎಲ್ಲವೂ ಬೆರೆತಿದೆ, ಗೆರೆಗಳೇ ಇಲ್ಲ ಎಂದು ಹಾಡಿ ಹೊಗಳಲು ಹೊರಟರೆ ಅದೂ ಸುಳ್ಳು. ಉಡುಪಿಯ ಕಡೆಯವರು ಮದರಾಸಿನಲ್ಲಿ ಹೋಟೆಲಿಟ್ಟ ಕಾಲಕ್ಕೆ ಅವರ ಜಿಲ್ಲೆಗೂ ಮದರಾಸೇ ರಾಜಧಾನಿ. 1956ರ ತನಕ ದಕ್ಷಿಣ ಕನ್ನಡ ಮದರಾಸು ರಾಜ್ಯದಲ್ಲಿತ್ತು. ಅವರು ಪರನಾಡಿಗೆ ಬಂದವರಲ್ಲ. ಕಡಂದಲೆಯ ಕೃಷ್ಣರಾಯರ ವುಡ್‌ಲ್ಯಾಂಡ್ಸ್‌ನಲ್ಲಿ ತಿಂದ ಮಸಾಲೆ ದೋಸೆಯನ್ನು ಚೆನ್ನೈ ತನ್ನದೇ ಎಂದುಕೊಂಡಿತು. ದೋಸೆಗೆ ಮಾತೃಭಾಷೆ ಇಲ್ಲ. ಆದರೆ ಹೋಟೆಲಿನ ಬೋರ್ಡಿಗೆ ಇತ್ತು, ಜಾತಿಯೂ ಇತ್ತು. 1957ರಲ್ಲಿ ಇದೇ ತಿರುವಲ್ಲಿಕ್ಕೇಣಿಯ ಮುರಳಿ ಕೆಫೆಯ ಮುಂದೆ ಪೆರಿಯಾರರ ದ್ರಾವಿಡರ್ ಕಳಗಂ ಧರಣಿ ನಡೆಸಿತು. ಬೋರ್ಡಿನಲ್ಲಿದ್ದ 'ಬ್ರಾಹ್ಮಣಾಳ್' ಎಂಬ ಪದ ತೆಗೆಯಿರಿ ಎಂಬುದು ಬೇಡಿಕೆ. ಮಗುವಿನ ವ್ಯಾಕರಣದಲ್ಲಿ ಹೇಳುವುದಾದರೆ, ಬಣ್ಣದಲ್ಲಿ ಬರೆದು ಬೀದಿಗೆ ತೂಗುಹಾಕಿದ 'ನಾಂಗಳ್'. ಮತವನ್ನು ಪವಿತ್ರದ ಸುತ್ತ ಜನರನ್ನು ಒಂದುಗೂಡಿಸುವ ನೀತಿಬಂಧ ಎಂದು ದುರ್ಖೇಮ್ 1912ರಲ್ಲಿ ವಿವರಿಸಿದ. ಪಂಕ್ತಿಯಲ್ಲಿ ಕೂತವರಿಗೆ ಅದು ಸರಿ. ಹೊರಗೆ ನಿಂತವರು ಬರೆದಿದ್ದರೆ ವ್ಯಾಖ್ಯೆ ಬೇರೆಯದೇ ಆಗುತ್ತಿತ್ತು.

ಜನಗಣತಿಯವರಿಗೆ ಈ ತಾಪತ್ರಯವಿಲ್ಲ. ಮತಕ್ಕೊಂದು ಕಾಲಂ, ಮಾತೃಭಾಷೆಗೊಂದು ಕಾಲಂ. ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಡನೆ ಆಡಿದ ಮಾತು ಎಂಬುದು ಅವರ ವ್ಯಾಖ್ಯೆ. ನೀಲಗಿರಿಯ ಬಡಗರು ತಮ್ಮದು ಬಡಗ ಎಂದು ಬರೆಸಿದರೂ ಕೋಷ್ಟಕದಲ್ಲಿ ಅದು ಕನ್ನಡದ ಅಡಿಯಲ್ಲಿ ಬಂದು ಕೂರುತ್ತದೆ. ಅಲ್ಪಸಂಖ್ಯಾತ ಭಾಷೆಯ ಶಾಲೆ ಕೇಳಬೇಕಾದರೆ ಈ ಕಾಲಂಗಳು ಬೇಕು, ಅವನ್ನು ಹಳಿಯುವುದು ಸುಲಭ, ಬಿಟ್ಟು ಬದುಕುವುದು ಕಷ್ಟ. ನನ್ನ ತಕರಾರು, ಎಣಿಕೆಗೆಂದು ಎಳೆದ ಗೆರೆಯನ್ನು ಬದುಕಿನ ಗೆರೆ ಎಂದುಕೊಳ್ಳುವುದರ ಮೇಲೆ. ಕನ್ನಡ ಸಂಸ್ಕೃತಿ ಎಂದಾಗ ಒಂದು ಭಾಷೆ, ಒಂದು ಆಚಾರ, ಒಂದು ದೇವರಮನೆ ಒಟ್ಟಿಗೆ ಕಣ್ಣಿಗೆ ಬಂದರೆ, ನಾವಿನ್ನೂ ಥರ್ಸ್ಟನ್ನನ ಬೀರುವಿನ ಮುಂದೆಯೇ ನಿಂತಿದ್ದೇವೆ. ಮೈಸೂರಿನಲ್ಲಿ ಇದ್ದವರಿಗೆ ಇದು ಬೇಗ ಕಾಣುವುದಿಲ್ಲ, ಅಲ್ಲಿ ಮೂರೂ ಸುಮಾರಾಗಿ ಒಂದರ ಮೇಲೊಂದು ಕೂತಂತೆ ತೋರುತ್ತವೆ. ಗಡಿ ದಾಟಿದ ಮನೆಯಲ್ಲಿ ಪದರ ಬಿಚ್ಚಿಕೊಳ್ಳುತ್ತದೆ.

ಕ್ಯಾಥೀಡ್ರಲ್ ರಸ್ತೆಯಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಇತ್ತು, 1962ರಿಂದ 2008ರವರೆಗೆ. ಅದೇ ಜಾಗದಲ್ಲಿ 2010ರಲ್ಲಿ ಸೆಮ್ಮೊಳಿ ಪೂಂಗಾ ತೆರೆಯಿತು. ಹೆಸರಿನ ಅರ್ಥ ಶಾಸ್ತ್ರೀಯ ಭಾಷೆಯ ಉದ್ಯಾನ, ತಮಿಳಿಗೆ 2004ರಲ್ಲಿ ಸಿಕ್ಕ ಮಾನದ ನೆನಪಿಗೆ. ಭಾವನಿಗೆ ಆ ಪಾರ್ಕು ಇಷ್ಟ. ಆದರೆ ಆಟೋದವನಿಗೆ ಇವತ್ತಿಗೂ "ಡ್ರೈವ್-ಇನ್ ಹತ್ರ ನಿಲ್ಲಿಸಪ್ಪ" ಎಂದು ತಮಿಳಿನಲ್ಲಿ ಹೇಳುತ್ತಾರೆ.

ಆ ಗುರುವಾರ ಅಜ್ಜಿ ಮಗುವಿಗೆ, "ನೀನೂ ಬಾರೇ" ಎಂದು ಕೈಹಿಡಿದು ಹೊರಟಿದ್ದರು. ಮೊನ್ನೆ ಹೋದಾಗ ಗಮನಿಸಿದೆ. ಮೊಮ್ಮಗಳನ್ನು ಸೇರಿಸಿಕೊಳ್ಳುವಾಗ ಅವರು 'ನಾವೆಲ್ಲ' ಎನ್ನುತ್ತಾರೆ, ಬಿಟ್ಟು ಹೋಗುವಾಗ ಬರಿಯ 'ನಾವು'. ಹಾಗೆ ಹೇಳಬೇಕೆಂದು ಯಾರೂ ಕಲಿಸಿದ್ದಲ್ಲ. ಮದುವೆಗೆಂದು ಕಾಂಚೀಪುರಕ್ಕೆ ಸೀರೆ ತರಲು ಹೊರಟವರು ಬಾಗಿಲಲ್ಲಿ ನಿಂತು "ನಾವು ಹೊರಟ್ವಿ" ಎಂದರು. ಮಗು ತಲೆ ಎತ್ತಲಿಲ್ಲ, ಹೋಂವರ್ಕ್ ಮುಂದುವರಿಸಿತು.