ನೀರಿಗೂ ದಾರಿ ಬೇಕು

ವಿದ್ಯಾರ್ಥಿಗಳೇ, ರನ್‌ವೇಯ ಮೇಲೆ ತೆಳುವಾಗಿ ನೀರು ನಿಂತರೂ ಇಳಿಯುವ ವಿಮಾನದ ಗಾಲಿ ಹಿಡಿತ ತಪ್ಪಿ ಜಾರಬಹುದು. ಆದುದರಿಂದ ಕೆಲವು ವಿಮಾನ ನಿಲ್ದಾಣಗಳಲ್ಲಿ ಮೇಲ್ಪದರಕ್ಕೆ ಒಂದೇ ಗಾತ್ರದ ಗಟ್ಟಿ ಜಲ್ಲಿಯನ್ನು ಡಾಂಬರಿನೊಡನೆ ಬೆರೆಸುತ್ತಾರೆ. ಮರಳು ಬಹಳ ಕಡಿಮೆ. ಜಲ್ಲಿಯ ಸಂದುಗಳಲ್ಲಿ ಇಳಿದ ನೀರು, ಕೆಳಗಿನ ಗಟ್ಟಿ ಪದರದ ಮೇಲೆ ಹರಿದು ಅಂಚಿನ ಚರಂಡಿ ಸೇರುತ್ತದೆ. ಜಲ್ಲಿ ಮೃದುವಾಗಿದ್ದರೆ ಪುಡಿಯಾಗಿ ಸಂದು ಮುಚ್ಚುತ್ತದೆ. ಡಾಂಬರು ಸಾಲದಿದ್ದರೆ ಜಲ್ಲಿ ಕಿತ್ತು ಬರುತ್ತದೆ.

ನಮ್ಮ ನೀಲಗಿರಿಯಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೂ ಈ ತಿಳಿವಳಿಕೆ ನಮಗೂ ಬೇಕು. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂ.ಮೀ.ಗೂ ಹೆಚ್ಚು ಮಳೆ ಸುರಿಯಿತು. 2009ರ ನವೆಂಬರ್‌ನಲ್ಲಿ ಈ ಬೆಟ್ಟಗಳ ಭೂಕುಸಿತಗಳು 40ಕ್ಕೂ ಹೆಚ್ಚು ಜೀವಗಳನ್ನು ಬಲಿತೆಗೆದುಕೊಂಡವು. ಉದಕಮಂಡಲದ ವಾಹನ ನಿಲುಗಡೆಗಳಿಗೂ ಶಾಲೆಯ ಅಂಗಳಗಳಿಗೂ ಸಿಮೆಂಟು ಹಾಸುತ್ತಾ ಹೋದರೆ ಮಳೆನೀರು ಒಮ್ಮೆಲೇ ತಗ್ಗಿಗೆ ನುಗ್ಗುತ್ತದೆ. ಹಾಗೆಂದು ಎಲ್ಲೆಡೆಯೂ ನೀರಿಳಿಯುವ ನೆಲಹಾಸು ಸಲ್ಲದು; ಕಡಿದಾದ ಇಳಿಜಾರಿನಲ್ಲಿ ನೀರು ಇಂಗಿದರೆ ಮಣ್ಣು ಸಡಿಲವಾಗುತ್ತದೆ. ಸಮತಟ್ಟಾದ ಜಾಗದಲ್ಲಿ, ಅಡಿಗೆ ಜಲ್ಲಿಯ ಹಾಸೂ ಚರಂಡಿಯೂ ಇದ್ದು, ಸಂದುಗಳಲ್ಲಿ ಕೂಡುವ ಕೆಸರನ್ನು ಆಗಾಗ ತೆಗೆದರೆ ಮಾತ್ರ ಅದು ಬಾಳುತ್ತದೆ.

ನೆಲಕ್ಕೆ ಹಾಸುವ ವಸ್ತುವನ್ನು ಆರಿಸುವಾಗ, ಅದು ಎಷ್ಟು ಭಾರ ತಡೆದೀತು ಎಂದಷ್ಟೇ ಕೇಳಿದರೆ ಸಾಲದು. ಅದರ ಮೇಲೆ ಬಿದ್ದ ನೀರು ಯಾರ ಮನೆಯ ಕಡೆಗೆ ಹೋದೀತು ಎಂಬುದನ್ನೂ ಕೇಳಬೇಕು. ನಿಮ್ಮ ಶಾಲೆಯ ಅಂಗಳದಿಂದಲೇ ಈ ಪ್ರಶ್ನೆಯನ್ನು ಆರಂಭಿಸಿರಿ.